ಆಶು ಎಂಬ ಹೆಸರು: ಮಂಗಳೂರಿನ ಯೆಹೂದ್ಯ ವಲಸಿಗನ ಕಥೆಯನ್ನು ಓದುತ್ತಾ

ದೇವರಮನೆಯ ಕಾಲಭೈರವೇಶ್ವರ ದೇವಾಲಯದ ಆಚೆಗಿರುವ ಹುಲ್ಲುಗುಡ್ಡವನ್ನು ಹತ್ತಿ, ಮಂಜು ಸರಿದ ಹೊತ್ತಿನಲ್ಲಿ ಪಶ್ಚಿಮಕ್ಕೆ ಮುಖಮಾಡಿ ನಿಂತರೆ, ನೆಲವು ಥಟ್ಟನೆ ಇಳಿದು ಕಾಡಿನೊಳಗೆ ಮರೆಯಾಗುವುದು ಕಾಣುತ್ತದೆ. ಆ ಇಳಿಜಾರಿನ ಬುಡದಲ್ಲಿ ತುಳುನಾಡಿದೆ, ಅದರ ಅಂಚಿನಲ್ಲಿ ಮಂಗಳೂರು, ಅದರಾಚೆ ಸಮುದ್ರ. ನಮ್ಮಲ್ಲಿ ಅನೇಕರ ಹಿರಿಯರು ಆ ಘಟ್ಟವನ್ನು ಕೆಳಗಿನಿಂದ ಮೇಲಕ್ಕೆ ಹತ್ತಿ ಬಂದವರು. ಮೆಣಸು, ಏಲಕ್ಕಿಗಳು ಮಾತ್ರ ಶತಮಾನಗಳಿಂದ ಮೇಲಿನಿಂದ ಕೆಳಕ್ಕೆ ಇಳಿದು ಹೋಗುತ್ತಲೇ ಇವೆ. ಹೋದ ಸರಕು ಯಾರ ಕೈಗೆ ಸೇರುತ್ತಿತ್ತು, ಯಾವ ಹಡಗನ್ನು ಏರುತ್ತಿತ್ತು ಎಂದು ನಾವು ಕೇಳಿದವರಲ್ಲ. ಈ ಪ್ರಶ್ನೆಗೆ ಒಂದು ಕಾಲದ ಮಟ್ಟಿಗಾದರೂ ಉತ್ತರ ಕೊಡುವ ಪುಸ್ತಕವೊಂದನ್ನು ಈ ತಿಂಗಳು ನಿಮ್ಮ ಮುಂದಿಡಲು ಬಯಸುತ್ತೇನೆ. ಅದು ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟಿಸಿದ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’, ಅಂದರೆ ‘ಒಂದು ಪುರಾತನ ನಾಡಿನಲ್ಲಿ’. 2018ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದ ಈ ಲೇಖಕರ ಕಾದಂಬರಿಗಳನ್ನು ಓದಿದವರು ನಮ್ಮಲ್ಲಿ ಇರಬಹುದು. ಇದು ಕಾದಂಬರಿಯಲ್ಲ. ಇತಿಹಾಸ, ಪ್ರವಾಸ, ಆತ್ಮಕಥನ ಮೂರೂ ಒಂದೇ ಹಗ್ಗದ ಎಳೆಗಳಂತೆ ಹೊಸೆದುಕೊಂಡಿರುವ ಕೃತಿ. ಇದನ್ನು ನಾನು ಮೆಚ್ಚಿಕೊಂಡು ಎರಡು ಬಾರಿ ಓದಿದ್ದೇನೆ. ಎರಡನೆಯ ಓದಿನಲ್ಲಿ ಒಂದು ಆಕ್ಷೇಪವೂ ಹುಟ್ಟಿತು. ಮೆಚ್ಚುಗೆಯನ್ನೂ ಆಕ್ಷೇಪವನ್ನೂ ಮುಚ್ಚಿಡದೆ ಹೇಳುತ್ತೇನೆ.

ಮೊದಲು ಕಥೆ. ಉತ್ತರ ಆಫ್ರಿಕದ ಇಂದಿನ ಟುನೀಶಿಯ ದೇಶದಲ್ಲಿ ಮಹ್ದಿಯಾ ಎಂಬ ಬಂದರು ಪಟ್ಟಣವಿದೆ. ಅಲ್ಲಿಯ ಯೆಹೂದ್ಯ ಮನೆತನವೊಂದರಲ್ಲಿ ಹುಟ್ಟಿದ ಅಬ್ರಹಾಂ ಬೆನ್ ಯಿಜು ಎಂಬಾತ ವ್ಯಾಪಾರಕ್ಕೆಂದು ಹೊರಟು, ಈಜಿಪ್ಟನ್ನು ದಾಟಿ, ಕೆಂಪು ಸಮುದ್ರದ ಬಾಗಿಲಿನಂತಿರುವ ಏಡನ್ ಪಟ್ಟಣವನ್ನು ಸೇರಿದ. ಅಲ್ಲಿ ಮದ್ಮೂನ್ ಎಂಬ ಯೆಹೂದ್ಯ ವರ್ತಕ ಪ್ರಮುಖನ ಆಶ್ರಯ ದೊರೆಯಿತು. ಅಲ್ಲಿಂದ ಹಡಗು ಹತ್ತಿ ಮಂಗಳೂರಿಗೆ ಬಂದ. 1132ನೆಯ ಇಸವಿಯ ವೇಳೆಗೆ ಅವನು ಮಂಗಳೂರಿನಲ್ಲಿದ್ದನೆಂಬುದಕ್ಕೆ ಪತ್ರದ ಆಧಾರವಿದೆ. 1149ರಲ್ಲಿ ಏಡನ್‌ಗೆ ಮರಳಿದ. ಅಲ್ಲಿಗೆ ಹದಿನೇಳು ವರ್ಷಗಳಿಗೂ ಮಿಕ್ಕಿದ ಪರವಾಸ. ಆಗ ತುಳುನಾಡನ್ನು ಆಳುತ್ತಿದ್ದವರು ಆಳುಪರು. ಘಟ್ಟದ ಮೇಲೆ ವಿಷ್ಣುವರ್ಧನನ ಆಳ್ವಿಕೆ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಇರುವುದು ನಮ್ಮ ಮೂಡಿಗೆರೆ ತಾಲ್ಲೂಕಿನಲ್ಲೇ. ಇಂದು ಆ ಊರಿನ ಹೆಸರು ಅಂಗಡಿ.

ಇಷ್ಟು ಹಳೆಯ ಮಾತು, ಅದರಲ್ಲೂ ರಾಜನಲ್ಲದ ಸಾಮಾನ್ಯ ವ್ಯಾಪಾರಿಯ ಮಾತು, ನಮಗೆ ಹೇಗೆ ದೊರಕಿತು? ಇದನ್ನು ತಿಳಿದರೆ ನಿಮಗೆ ಅಚ್ಚರಿಯಾದೀತು. ದೇವರ ನಾಮವಿರಬಹುದಾದ ಯಾವ ಬರಹವನ್ನೂ ಕಸಕ್ಕೆ ಎಸೆಯಬಾರದೆಂಬುದು ಯೆಹೂದ್ಯರ ಪದ್ಧತಿ. ಅದಕ್ಕಾಗಿ ಪ್ರಾರ್ಥನಾಮಂದಿರಗಳಲ್ಲಿ ‘ಗೆನಿಜಾ’ ಎಂಬ ಕೋಣೆಯನ್ನು ಇಟ್ಟುಕೊಳ್ಳುತ್ತಿದ್ದರು. ಹಳೆಯ ಕೈರೋ ನಗರದ ಫುಸ್ತಾತ್ ಎಂಬಲ್ಲಿಯ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಗೆನಿಜಾದಲ್ಲಿ ಶತಮಾನಗಳ ಕಾಲ ಕಾಗದಗಳು ರಾಶಿಬಿದ್ದವು. ಧರ್ಮಗ್ರಂಥದ ಹಾಳೆಗಳಷ್ಟೇ ಅಲ್ಲ, ಅಂಗಡಿ ಲೆಕ್ಕ, ಮದುವೆ ಕರಾರು, ಸಾಲಪತ್ರ, ಅಣ್ಣತಮ್ಮಂದಿರ ಜಗಳದ ಪತ್ರಗಳು ಕೂಡ. ಈ ರಾಶಿಯ ಕಡೆಗೆ ವಿದ್ವಾಂಸರ ಗಮನ ಸೆಳೆದವರಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರೂ ಇದ್ದರು. ಅವರು ಸ್ಕಾಟ್ಲೆಂಡಿನ ಕ್ರೈಸ್ತ ಭಕ್ತೆಯರು, ಸತ್ಯವೇದದ ಹಳೆಯ ಪ್ರತಿಗಳನ್ನು ಹುಡುಕಿ ಮರಳುಗಾಡುಗಳನ್ನು ಅಲೆದವರು. ಅವರು ತಂದ ಒಂದು ಹಾಳೆಯನ್ನು ನೋಡಿಯೇ ಕೇಂಬ್ರಿಜ್‌ನ ಸಾಲೊಮನ್ ಶೆಕ್ಟರ್ 1896ರ ಕೊನೆಯಲ್ಲಿ ಕೈರೋಗೆ ಹೊರಟರು. ಅವರು ಹೊತ್ತು ತಂದ ತುಣುಕುಗಳು ಈಗ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಸಂಖ್ಯೆಯಲ್ಲಿ 1,90,000ಕ್ಕೂ ಹೆಚ್ಚು. ಎಸ್.ಡಿ. ಗೊಯ್ಟೈನ್ ಎಂಬ ಮಹಾವಿದ್ವಾಂಸರು ಅವುಗಳಲ್ಲಿ ಭಾರತದ ವ್ಯಾಪಾರಕ್ಕೆ ಸೇರಿದವನ್ನು ಆರಿಸುತ್ತಾ ಬದುಕಿನ ಬಹುಭಾಗವನ್ನು ಕಳೆದು 1985ರಲ್ಲಿ ತೀರಿಕೊಂಡರು. ಅವರ ಶಿಷ್ಯ ಮೊರ್ದೆಕಾಯ್ ಫ್ರೀಡ್ಮನ್ ಆ ಕೆಲಸವನ್ನು ಮುಂದುವರಿಸಿ 2008ರಲ್ಲಿ ದೊಡ್ಡ ಸಂಪುಟವಾಗಿ ಹೊರತಂದರು. ಘೋಷ್ ಅವರು ಈ ಪತ್ರಗಳನ್ನು ಓದುವುದಕ್ಕಾಗಿಯೇ, ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿಯನ್ನು ಕಲಿತರು.

ಪುಸ್ತಕದ ಅತ್ಯುತ್ತಮ ಭಾಗವೆಂದರೆ ಈ ಪತ್ರಗಳನ್ನು ಅವರು ನಮ್ಮ ಕಿವಿಗೆ ಕೇಳುವಂತೆ ಓದುವ ರೀತಿ. ಮಂಗಳೂರಿನ ಬೆನ್ ಯಿಜುವಿಗೆ ಏಡನ್‌ನ ಗೆಳೆಯರು ಏನೇನು ಕಳುಹಿಸುತ್ತಿದ್ದರು ಬಲ್ಲಿರಾ? ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಬಾಣಲೆ, ಜರಡಿ, ಚಾಪೆ. ಎಲ್ಲಕ್ಕಿಂತ ಮಿಗಿಲಾಗಿ ಕಾಗದ. ಓಲೆಗರಿಯ ನಾಡಿನಲ್ಲಿ ಒಳ್ಳೆಯ ಕಾಗದ ಸಿಗುತ್ತಿರಲಿಲ್ಲ. ಬರೆಯದೆ ಇರಲಾರದ ಈ ಮನುಷ್ಯ ಬಂದ ಪತ್ರಗಳ ಹಿಂಬದಿಯಲ್ಲೂ ಅಂಚಿನಲ್ಲೂ ತನ್ನ ಲೆಕ್ಕವನ್ನು ಗೀಚಿಕೊಳ್ಳುತ್ತಿದ್ದ. ಇಲ್ಲಿಂದ ಅವನು ಕಳುಹಿಸುತ್ತಿದ್ದುದು ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ. ಜೊತೆಗೆ ಕಂಚಿನ ಪಾತ್ರೆಗಳು ಮತ್ತು ಬೀಗಗಳು. ಕಂಚಿನ ಕೆಲಸದ ಕಾರ್ಖಾನೆಯೊಂದನ್ನು ಅವನು ಇಲ್ಲಿ ನಡೆಸುತ್ತಿದ್ದ. ಏಡನ್‌ನಿಂದ ಒಡೆದ ತಾಮ್ರದ ಸಾಮಾನು ಬರುತ್ತಿತ್ತು. ಇಂಥ ಆಕಾರ, ಇಷ್ಟು ತೂಕ ಎಂದು ಹೇಳಿ ಕಳುಹಿಸಿದಂತೆ ಇಲ್ಲಿಯ ಕೆಲಸಗಾರರು ಎರಕ ಹೊಯ್ದು ಕೊಡುತ್ತಿದ್ದರು.

ನನ್ನನ್ನು ನಗಿಸಿದ ಪ್ರಸಂಗವೊಂದಿದೆ. ಏಲಕ್ಕಿ ಕೊಡುತ್ತೇನೆಂದು ಮುಂಗಡ ಹಣ ಪಡೆದ ಒಬ್ಬ ಸ್ಥಳೀಯ ಮಧ್ಯವರ್ತಿ (ಪತ್ರಗಳಲ್ಲಿ ಅವನಿಗೆ ‘ಕಾರ್ದಾರ’ನೆಂದು ಹೆಸರು) ಸರಕನ್ನೂ ಕೊಡಲಿಲ್ಲ, ಹಣವನ್ನೂ ಕೊಡಲಿಲ್ಲ. ಆ ಬಾಕಿಯ ವಸೂಲಿಗಾಗಿ ಏಡನ್‌ನ ವರ್ತಕರು ಪತ್ರದ ಮೇಲೆ ಪತ್ರ ಬರೆದರು. ಏಲಕ್ಕಿ ಬೆಳೆಯುವ ಊರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಳೆಯ ಮೇಲೆ ಅಡ್ವಾನ್ಸ್ ಕೊಟ್ಟವನ ಚಿಂತೆಯೂ, ತೆಗೆದುಕೊಂಡವನ ಚಿಂತೆಯೂ ನಮಗೆ ಗೊತ್ತು. ಒಂಬೈನೂರು ವರ್ಷಗಳ ಹಿಂದಿನ ಬಾಕಿಯೊಂದನ್ನು ಓದುತ್ತಾ, ನಮ್ಮೂರ ಸಂತೆಯ ಜಗುಲಿಯ ಮೇಲೆ ಕುಳಿತಂತೆನಿಸಿತು.

ಪರದೇಶದಲ್ಲಿ ನೆಲೆಸಿದವನ ಬದುಕನ್ನು ಅವನ ಅಡುಗೆಮನೆಯಿಂದ ತಿಳಿಯಬೇಕೇ ಹೊರತು ಅವನ ಭಾಷಣಗಳಿಂದಲ್ಲ ಎಂಬುದನ್ನು ಘೋಷ್ ಬಲ್ಲರು. ಇದೇ ದಾರಿಯಲ್ಲಿ ಮುಂದುವರಿದ ಎಲಿಜಬೆತ್ ಲ್ಯಾಂಬೋರ್ನ್ ಎಂಬ ವಿದುಷಿ, ಬೆನ್ ಯಿಜು ಭಾರತದಿಂದ ಮರಳುವಾಗ ಹಡಗಿಗೆ ಏರಿಸಬೇಕಾದ ಗಂಟುಮೂಟೆಗಳನ್ನು ಬರೆದಿಟ್ಟುಕೊಂಡ ಒಂದೇ ಒಂದು ಪಟ್ಟಿಯನ್ನು ಹಿಡಿದು 2018ರಲ್ಲಿ ಇಡೀ ಗ್ರಂಥವನ್ನೇ ಬರೆದಿದ್ದಾರೆ. ಗಲ್ಫ್‌ಗೆ ಹೊರಟ ಮಗನ ಪೆಟ್ಟಿಗೆಗೆ ಉಪ್ಪಿನಕಾಯಿ ಭರಣಿಯನ್ನು ಬಟ್ಟೆ ಸುತ್ತಿ ಇಟ್ಟ ತಾಯಂದಿರು ಆ ಗ್ರಂಥದ ಅಗತ್ಯವನ್ನು ಕೂಡಲೇ ಒಪ್ಪುವರು.

ಗಲ್ಫ್ ಎಂದೆನಲ್ಲ, ಪುಸ್ತಕದ ಇನ್ನರ್ಧ ಅದೇ. ಘೋಷ್ ಅವರು 1980ರಲ್ಲಿ ಸಂಶೋಧನೆಗಾಗಿ ಈಜಿಪ್ಟಿನ ಹಳ್ಳಿಗಳಲ್ಲಿ ವಾಸವಾಗಿದ್ದರು. ಆ ಹಳ್ಳಿಯ ಹುಡುಗರು ಆಮೇಲೆ ಕೂಲಿಗಾಗಿ ಇರಾಕಿಗೆ ಹೋದರು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನ ಮೇಲೆ ದಂಡೆತ್ತಿ ಹೋದಾಗ ಲಕ್ಷಾಂತರ ಮಂದಿ ಗಂಟು ಹೊತ್ತು ಗಡಿಯತ್ತ ನಡೆದರು. ಟೆಲಿವಿಷನ್ನಿನ ಆ ಜನಜಂಗುಳಿಯಲ್ಲಿ ಹಳ್ಳಿಯವರು ತಮ್ಮ ಹುಡುಗ ನಬೀಲನ ಮುಖವನ್ನು ಹುಡುಕುತ್ತಾರೆ. ಮುಖ ಕಾಣುವುದಿಲ್ಲ. ಆ ವರ್ಷ ಕುವೈತಿನಲ್ಲಿ ಸಿಕ್ಕಿಬಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಕರೆತಂದುದು, ಕರಾವಳಿಯ ಮತ್ತು ಮಲೆನಾಡಿನ ಎಷ್ಟೋ ಮನೆಗಳಲ್ಲಿ ಜಪಸರ ಹಿಡಿದು ರೇಡಿಯೋದ ಮುಂದೆ ಕುಳಿತದ್ದು ಹಿರಿಯರಿಗೆ ನೆನಪಿದೆ. ಹನ್ನೆರಡನೆಯ ಶತಮಾನದ ಯೆಹೂದ್ಯ ವರ್ತಕನನ್ನೂ ಇಪ್ಪತ್ತನೆಯ ಶತಮಾನದ ಈಜಿಪ್ಟಿನ ಕೂಲಿಯನ್ನೂ ಒಂದೇ ಪುಸ್ತಕದಲ್ಲಿ ಇಟ್ಟದ್ದು ಏಕೆಂದು ಮೊದಲು ನನಗೆ ತಿಳಿಯದೆ ಬೇಸರವಾಗಿತ್ತು. ಈ ಪುಟಗಳಿಗೆ ಬಂದಾಗ ತಿಳಿಯಿತು.

ಇನ್ನು ಆಶುವಿನ ವಿಚಾರ. ನನ್ನ ಆಕ್ಷೇಪ ಇರುವುದು ಇಲ್ಲಿಯೇ.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜು ಒಂದು ಬಿಡುಗಡೆಯ ಪತ್ರವನ್ನು ಬರೆದುಕೊಟ್ಟ. ತಾನು ಕೊಂಡಿದ್ದ ಆಶು ಎಂಬ ದಾಸಿಯನ್ನು ಆ ದಿನದಿಂದ ಸ್ವತಂತ್ರಳೆಂದು ಸಾರುವ ಪತ್ರ ಅದು. ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರನ್ನು ಇಡಲಾಯಿತು. ಅದರ ಅರ್ಥ ಆಶೀರ್ವಾದ. ಅವಳು ಮಲಬಾರಿನ ನಾಯರ್ ಕುಲದವಳಿರಬೇಕೆಂದು ಘೋಷ್ ಊಹಿಸುತ್ತಾರೆ. ಬೆನ್ ಯಿಜುವಿನ ಲೆಕ್ಕದಲ್ಲಿ ‘ನಾಯರ್’ ಎಂಬ ಬಾವಮೈದುನನೊಬ್ಬನ ಹೆಸರು ಬರುತ್ತದೆ. ಬಿಡುಗಡೆಯ ನಂತರ ಬೆನ್ ಯಿಜು ಅವಳನ್ನು ಮದುವೆಯಾದನೆಂಬುದು ಅವರ ಅಭಿಪ್ರಾಯ. ಮಕ್ಕಳಾದರು. ಸುರೂರ್ ಎಂಬ ಮಗ, ಸಿತ್ ಅಲ್-ದಾರ್ ಎಂಬ ಮಗಳು ಪತ್ರಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಏಡನ್‌ನ ಗೆಳೆಯರು ಪ್ರತಿ ಪತ್ರದಲ್ಲೂ ಮಕ್ಕಳ ಕ್ಷೇಮ ಕೇಳುತ್ತಾರೆ. ಆಶುವಿನ ಕ್ಷೇಮವನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ಬಿಡುಗಡೆಯ ಪತ್ರವನ್ನು ಬಿಟ್ಟರೆ ಅವಳ ಹೆಸರು ಬೇರೆಲ್ಲೂ ಬರುವುದಿಲ್ಲವೆಂದು ಘೋಷ್ ಅವರೇ ಗುರುತಿಸುತ್ತಾರೆ. ಗುರುತಿಸಿದ ಮೇಲೆ ಅವರು ಮಾಡುವುದೇನು? ಈ ಮೌನವೇ ಮದುವೆಗೆ ಸಾಕ್ಷಿಯಾಗಿರಬಹುದೆಂದು ವಾದಿಸುತ್ತಾರೆ. ಪ್ರೀತಿಯೂ ಇದ್ದಿರಬಹುದೆಂದು ಮೆಲ್ಲನೆ ಸೂಚಿಸುತ್ತಾರೆ.

ವಾದ ಜಾಣತನದ್ದು. ಆದರೆ ಓದುಗನು ಒಂದು ಕ್ಷಣ ನಿಂತು ಯೋಚಿಸಬೇಕು. ಒಬ್ಬಳ ಹೆಸರು ಅಳಿಸಿಹೋದುದನ್ನೇ ಅವಳ ಮದುವೆಗೆ ಸಾಕ್ಷಿಯೆಂದು ಓದಬಹುದಾದರೆ, ಅಳಿಸಿಹೋದ ಯಾವ ಹೆಸರಿನ ಬಗೆಗೂ ನಮಗೆ ನೋವಾಗಬೇಕಾಗಿಲ್ಲ! ಫ್ರೀಡ್ಮನ್ ಅವರ ಸಂಶೋಧನೆಯು ಇದಕ್ಕೆ ಇನ್ನೊಂದು ಮುಖವನ್ನು ಕೊಡುತ್ತದೆ. ದಾಸಿಯಲ್ಲಿ ಹುಟ್ಟಿದ ಮಕ್ಕಳ ಸ್ಥಾನಮಾನವೇನು ಎಂಬ ಧರ್ಮಶಾಸ್ತ್ರದ ಪ್ರಶ್ನೋತ್ತರಗಳು ಬೆನ್ ಯಿಜುವಿನ ಕೈಬರಹದಲ್ಲೇ ಸಿಕ್ಕಿವೆ. ಅಂದರೆ ಈ ಮದುವೆಯ ಸಿಂಧುತ್ವವನ್ನು ಅವನ ಸಮುದಾಯವು ಪ್ರಶ್ನಿಸಿರಬೇಕು, ಅವನಿಗೆ ಅದು ಮುಳ್ಳಾಗಿ ಚುಚ್ಚಿರಬೇಕು. ಆಶುವಿನ ಹೆಸರಿನ ಸುತ್ತ ಇರುವುದು ಮುಜುಗರದ ಮೌನವಿರಬಹುದು.

ಪ್ರಿಯ ವಾಚಕರೇ, ವರ್ತಕನ ಹೆಸರು ಅಬ್ರಹಾಂ ಎಂಬುದನ್ನು ಗಮನಿಸಿ. ಸ್ವದೇಶವನ್ನು ಬಿಟ್ಟು ಹೊರಟ ಇನ್ನೊಬ್ಬ ಅಬ್ರಹಾಮನ ಮನೆಯಲ್ಲೂ ಪರದೇಶದ ದಾಸಿಯೊಬ್ಬಳಿದ್ದಳು. ಆದಿಕಾಂಡದ ಹದಿನಾರನೆಯ ಅಧ್ಯಾಯವನ್ನು ಮನೆಯಲ್ಲಿ ಮತ್ತೊಮ್ಮೆ ನಿಧಾನವಾಗಿ ಓದಿರಿ. ಅಬ್ರಹಾಮನೂ ಸಾರಳೂ ಅವಳನ್ನು ಕುರಿತು ಮಾತನಾಡುವಾಗಲೆಲ್ಲ ‘ದಾಸಿ’ ಎನ್ನುತ್ತಾರೆಯೇ ಹೊರತು ಹೆಸರು ಹಿಡಿದು ಕರೆಯುವುದಿಲ್ಲ. ಅವಳನ್ನು ‘ಹಾಗಾರಳೇ’ ಎಂದು ಮೊದಲ ಬಾರಿಗೆ ಕರೆಯುವುದು ಅಡವಿಯ ಒರತೆಯ ಬಳಿ ಅವಳನ್ನು ಕಂಡ ದೇವದೂತ. ಧರ್ಮಗ್ರಂಥವು ನಮ್ಮ ಪಿತಾಮಹನ ಮನೆಯ ಈ ಕೊರತೆಯನ್ನು ಮುಚ್ಚಿಡಲಿಲ್ಲ, ಅದನ್ನು ಪ್ರೀತಿಯೆಂದು ತಿರುಗಿಸಿ ಹೇಳಲೂ ಇಲ್ಲ. ಘೋಷ್ ಅವರ ಸೌಜನ್ಯವು ಇಲ್ಲಿ ಧರ್ಮಗ್ರಂಥದ ನಿಷ್ಠುರತೆಗೆ ಸಾಟಿಯಾಗುವುದಿಲ್ಲ.

ಬೊಮ್ಮನ ವಿಷಯದಲ್ಲೂ ಇದೇ ಮೃದುತ್ವ ಕಾಣುತ್ತದೆ, ಆದರೆ ಅಲ್ಲಿ ಅವರ ಕಡೆ ಹೆಚ್ಚು ಬಲವಿದೆ. ಪುಸ್ತಕ ಹುಟ್ಟಿದ್ದೇ ಈ ಬೊಮ್ಮನಿಂದ. 1148ರಲ್ಲಿ ಖಲಫ್ ಇಬ್ನ್ ಇಸ್ಹಾಕ್ ಎಂಬ ಏಡನ್‌ನ ವರ್ತಕ ಮಂಗಳೂರಿಗೆ ಬರೆದ ಪತ್ರದಲ್ಲಿ ಬೆನ್ ಯಿಜುವಿನ ದಾಸನೊಬ್ಬನಿಗೆ ವಂದನೆ ಹೇಳಿದ್ದಾನೆ. ಆ ಪತ್ರ 1942ರಲ್ಲಿ ಹೀಬ್ರೂ ಪತ್ರಿಕೆಯೊಂದರಲ್ಲಿ ಮುದ್ರಣವಾಯಿತು. ಅರಬ್ಬಿ ಬರಹದಲ್ಲಿ ಸ್ವರಗಳನ್ನು ಬಿಟ್ಟು ಬರೆದ ಆ ದಾಸನ ಹೆಸರೇನೆಂದು ಹುಡುಕುತ್ತಾ ಘೋಷ್ ಮಂಗಳೂರಿಗೆ ಬಂದರು. ಅಲ್ಲಿ ಜಾನಪದ ವಿದ್ವಾಂಸರಾದ ಪ್ರೊ. ಬಿ.ಎ. ವಿವೇಕ ರೈ ಅವರ ನೆರವಿನಿಂದ ಅದು ‘ಬೊಮ್ಮ’ ಎಂದು ತಿಳಿಯಿತು. ನಮ್ಮ ಕಿವಿಗೆ ಎಷ್ಟು ಪರಿಚಿತವಾದ ಹೆಸರು! ಈ ಬೊಮ್ಮ ಯಜಮಾನನ ಸರಕಿನೊಂದಿಗೆ ಏಡನ್‌ಗೆ ಹೋಗಿ ವ್ಯವಹಾರ ನಡೆಸಿ ಬರುವಷ್ಟು ನಂಬಿಕಸ್ಥ. ಅಲ್ಲಿ ಕುಡಿದು ಬಂದು ಮದ್ಮೂನನಲ್ಲಿ ಹೆಚ್ಚು ಹಣಕ್ಕೆ ಪೀಡಿಸಿದನೆಂಬ ದೂರೂ ದಾಖಲೆಯಲ್ಲಿದೆ. ಯಾವ ತೋಟದ ರೈಟರಾದರೂ ಇಂತಹ ಒಬ್ಬನನ್ನು ಕಂಡಿರದೆ ಇಲ್ಲ. ಆ ಕಾಲದಲ್ಲಿ ದಾಸನೆಂದರೆ ಸಂಕೋಲೆಯ ಗುಲಾಮನಲ್ಲ, ಮನೆಯ ಆಪ್ತ ಗುಮಾಸ್ತನಂತೆ ಎಂದು ಘೋಷ್ ವಿವರಿಸುತ್ತಾರೆ. ಅದೇ ಶತಮಾನದ ವಚನಕಾರರ ದಾಸ್ಯಭಾವವನ್ನೂ ಸೂಫಿಗಳ ಮಾತನ್ನೂ ಜೊತೆಗಿಟ್ಟು, ದಾಸ್ಯವೆಂಬುದು ಬಾಂಧವ್ಯದ ಒಂದು ಬಗೆ ಎಂದು ತೋರಿಸುತ್ತಾರೆ.

ಇದು ಸುಂದರವಾದ ಅಧ್ಯಾಯ. ಆದರೆ ದೇವರಿಗೆ ತಾನಾಗಿ ದಾಸನಾದವನ ಮಾತನ್ನು, ಸಂತೆಯಲ್ಲಿ ಮಾರಾಟವಾದವರ ಬಾಯಲ್ಲಿ ಇಡಬಹುದೇ? ಸಂತ ಪೌಲರೂ ತಮ್ಮನ್ನು ಕ್ರಿಸ್ತನ ದಾಸನೆಂದು ಕರೆದುಕೊಂಡವರು. ಆದರೂ ಓಡಿಬಂದ ಒನೇಸಿಮನನ್ನು ಫಿಲೆಮೋನನ ಬಳಿಗೆ ಹಿಂದಕ್ಕೆ ಕಳುಹಿಸುವಾಗ ಅವರು ಆ ಭಕ್ತಿಯ ರೂಪಕವನ್ನು ಬಳಸಲಿಲ್ಲ. ಇವನನ್ನು ಇನ್ನು ದಾಸನೆಂದಲ್ಲ, ಸಹೋದರನೆಂದು ಬರಮಾಡಿಕೊ ಎಂದು ಕೇಳಿಕೊಂಡರು. ರೂಪಕದ ದಾಸ್ಯ ಬೇರೆ, ರಶೀದಿಯ ದಾಸ್ಯ ಬೇರೆ. ಖಲಫನು ಬೊಮ್ಮನಿಗೆ ಹೇಳಿ ಕಳುಹಿಸಿದ ವಂದನೆ ನಿಜವೇ, ಅದಕ್ಕೆ ಬೆಲೆಯಿದೆ. ಬೊಮ್ಮನಿಗೆ ವಂದನೆ ಬಂದ ಮನೆಗೇ ಆಶುವಿಗೆ ಬರಲಿಲ್ಲವೆಂಬುದೂ ಅಷ್ಟೇ ನಿಜ.

ಪುಸ್ತಕದ ದೊಡ್ಡ ವಾದಕ್ಕೆ ಬರೋಣ, ಏಕೆಂದರೆ ಅದು ನಮ್ಮನ್ನು ನೇರವಾಗಿ ಮುಟ್ಟುತ್ತದೆ. ಯೆಹೂದ್ಯ, ಮುಸಲ್ಮಾನ, ಗುಜರಾತಿ, ತುಳುವ ವರ್ತಕರು ಸೈನ್ಯದ ಹಂಗಿಲ್ಲದೆ ನಂಬಿಕೆಯ ಮೇಲೆ ನಡೆಸುತ್ತಿದ್ದ ಸಮುದ್ರ ವ್ಯಾಪಾರದ ಲೋಕವೊಂದಿತ್ತು. 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಬಂದ ಮೇಲೆ, 1509ರ ದಿಯು ಕದನದ ಮೇಲೆ, ಆ ಲೋಕವು ತೋಪುಗಳ ಬಾಯಿಗೆ ಸಿಕ್ಕಿ ನಾಶವಾಯಿತು ಎಂಬುದು ಘೋಷ್ ಅವರ ದುಃಖ. ಆ ಹಿಂದಿನ ಲೋಕದ ಚಿತ್ರಕ್ಕೆ ಅವರು ಸ್ವಲ್ಪ ಹೆಚ್ಚೇ ಬಣ್ಣ ಬಳಿದಿದ್ದಾರೆ ಎಂಬುದು ನನ್ನ ಅನಿಸಿಕೆ. ಬೆನ್ ಯಿಜು ಮಂಗಳೂರಿನಲ್ಲಿದ್ದಾಗಲೇ, 1135ರಲ್ಲಿ, ಪರ್ಷಿಯ ಕೊಲ್ಲಿಯ ಕೀಶ್ ದ್ವೀಪದ ಒಡೆಯನು ಏಡನ್ ಬಂದರನ್ನು ಮುತ್ತಲು ಹಡಗುಪಡೆಯನ್ನು ಕಳುಹಿಸಿದ್ದ. ಅದಕ್ಕೂ ಮುನ್ನ 1025ರಲ್ಲಿ ರಾಜೇಂದ್ರ ಚೋಳನ ನೌಕಾಪಡೆ ಶ್ರೀವಿಜಯದ ಬಂದರುಗಳನ್ನು ಸೂರೆಗೊಂಡಿತ್ತು. ಕಡಲ್ಗಳ್ಳರಂತೂ ಇದ್ದೇ ಇದ್ದರು. ಸಮುದ್ರ ಎಂದೂ ಋಷ್ಯಾಶ್ರಮವಾಗಿರಲಿಲ್ಲ.

ಆದರೆ ಈ ತಕರಾರನ್ನು ಎತ್ತಿ ನಾವು ಕ್ರೈಸ್ತರು ಸುಲಭವಾಗಿ ಜಾರಿಕೊಳ್ಳಬಾರದು. ಆ ಹಡಗುಗಳ ಪಟಗಳ ಮೇಲೆ ಇದ್ದುದು ಶಿಲುಬೆ. ಗೋವೆಯಲ್ಲಿ 1560ರಲ್ಲಿ ಧರ್ಮವಿಚಾರಣಾ ಮಂಡಳಿ, ಅಂದರೆ ಇನ್‌ಕ್ವಿಸಿಷನ್, ಸ್ಥಾಪನೆಯಾಯಿತು. ಅದು ಮುಖ್ಯವಾಗಿ ಹುಡುಕಿದವರಲ್ಲಿ ಬಲವಂತಕ್ಕೆ ಕ್ರೈಸ್ತರಾದ ಯೆಹೂದ್ಯ ವಲಸಿಗರೂ ಸೇರಿದ್ದರು. ಗಾರ್ಸಿಯ ದ ಓರ್ತಾ ಎಂಬ ವೈದ್ಯರ ಕಥೆಯನ್ನು ಕೇಳಿ. ಸ್ಪೇನಿನಿಂದ ಹೊರದೂಡಲ್ಪಟ್ಟ ಯೆಹೂದ್ಯ ತಂದೆತಾಯಿಯರ ಮಗ. 1534ರಲ್ಲಿ ಗೋವೆಗೆ ಬಂದು, ನಮ್ಮ ನಾಡಿನ ಮೆಣಸು, ಏಲಕ್ಕಿ ಮೊದಲಾದ ಗಿಡಮೂಲಿಕೆಗಳನ್ನು ಕುರಿತು 1563ರಲ್ಲಿ ಮಹತ್ವದ ಗ್ರಂಥವನ್ನು ಪ್ರಕಟಿಸಿದರು. 1568ರಲ್ಲಿ ತೀರಿಕೊಂಡರು. ಮರುವರ್ಷವೇ ಅವರ ತಂಗಿ ಕತಾರೀನಳನ್ನು ಗುಟ್ಟಾಗಿ ಯೆಹೂದ್ಯ ಧರ್ಮವನ್ನು ಪಾಲಿಸಿದಳೆಂದು ಜೀವಂತ ಸುಟ್ಟರು. 1580ರಲ್ಲಿ ಓರ್ತಾ ಅವರ ಮೂಳೆಗಳನ್ನು ಗೋರಿಯಿಂದ ತೆಗೆದು ಬೆಂಕಿಗೆ ಹಾಕಿದರು. ಅವರು ತೀರಿಕೊಂಡ ಅದೇ 1568ರಲ್ಲಿ, ಕೊಚ್ಚಿಯ ಅರಸನ ಆಶ್ರಯದಲ್ಲಿ, ಅರಮನೆಯ ಪಕ್ಕದಲ್ಲೇ ಪರದೇಶಿ ಯೆಹೂದ್ಯರ ಪ್ರಾರ್ಥನಾಮಂದಿರ ಎದ್ದಿತು.

ಕೆನರಾದ ಕ್ರೈಸ್ತರಾದ ನಮಗೆ 1784ರ ಬೂದಿ ಬುಧವಾರ, ನಮ್ಮ ಹಿರಿಯರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದ ದಿನ, ಮನೆಮಾತು. ಅದನ್ನು ಮರೆಯಬೇಕಾಗಿಲ್ಲ. ಆದರೆ 1569ರ ಕತಾರೀನಳನ್ನು ನಮಗೆ ಯಾರೂ ಹೇಳಿಕೊಡಲಿಲ್ಲ. ಗೋವೆಯಿಂದ ನಮ್ಮ ಹಿರಿಯರು ದಕ್ಷಿಣಕ್ಕೆ ಬಂದುದಕ್ಕೆ ಪೋರ್ತುಗೀಸರ ತೆರಿಗೆ, ಮರಾಠರ ದಾಳಿಗಳ ಜೊತೆಗೆ ಈ ಇನ್‌ಕ್ವಿಸಿಷನ್ನಿನ ಕಾಟವೂ ಕಾರಣವಾಗಿತ್ತು ಎಂಬುದನ್ನು ಇತಿಹಾಸಕಾರರು ಹೇಳುತ್ತಾರೆ. ಹಾಗಾದರೆ ನಾವು ಶಿಲುಬೆಯ ಜೊತೆಗೆ ಬಂದವರೂ ಹೌದು, ಶಿಲುಬೆ ಹಿಡಿದವರಿಂದ ಓಡಿಬಂದವರೂ ಹೌದು. ಪವಿತ್ರ ಧರ್ಮಸಭೆಯೇ ಈ ವಿಷಯದಲ್ಲಿ ನಮಗಿಂತ ಮುಂದೆ ನಡೆದಿದೆ. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಯೆಹೂದ್ಯ ದ್ವೇಷವನ್ನು ಖಂಡಿಸಿತು. 2000ದ ಮಹಾ ಜೂಬಿಲಿಯ ವರ್ಷದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಕ್ರೈಸ್ತರ ಪಾಪಗಳಿಗಾಗಿ ದೇವರಲ್ಲಿ ಕ್ಷಮೆ ಬೇಡಿ, ಅದೇ ಮಾರ್ಚ್ ತಿಂಗಳಲ್ಲಿ ಜೆರುಸಲೇಮಿನ ಪಶ್ಚಿಮದ ಗೋಡೆಯ ಸಂದಿಯಲ್ಲಿ ತಮ್ಮ ಪ್ರಾರ್ಥನೆಯ ಚೀಟಿಯನ್ನು ಇಟ್ಟು ಬಂದರು.

ಒಂದು ಕೊರತೆಯನ್ನು ಹೇಳಲೇಬೇಕು. ಬೆನ್ ಯಿಜುವಿನ ಧಾರ್ಮಿಕ ಬದುಕಿಗೆ ಘೋಷ್ ಅವರು ಬಹಳ ಕಡಿಮೆ ಜಾಗ ಕೊಟ್ಟಿದ್ದಾರೆ. ಇವನು ಬರೀ ವ್ಯಾಪಾರಿಯಲ್ಲ. ಚೆಂದದ ಕೈಬರಹದ ನಕಲುಗಾರ, ಕವಿ, ಧರ್ಮಶಾಸ್ತ್ರ ಬಲ್ಲವನು. ಯೆಹೂದ್ಯರ ಸಾಮೂಹಿಕ ಆರಾಧನೆಗೆ ಹತ್ತು ಮಂದಿ ವಯಸ್ಕ ಗಂಡಸರು ಸೇರಬೇಕೆಂಬ ನಿಯಮವಿದೆ. ಹಡಗುಗಳು ಮಳೆಗಾಲದ ಗಾಳಿಗೆ ಅಂಜಿ ಬಾರದಿರುವ ತಿಂಗಳುಗಳಲ್ಲಿ ಮಂಗಳೂರಿನಲ್ಲಿ ಅವನು ಯಾರೊಂದಿಗೆ ಪ್ರಾರ್ಥಿಸಿದ? ಸಬ್ಬತ್ತಿನ ದೀಪವನ್ನು ಹಚ್ಚಿದವಳು ಆಶುವೇ? ಹಾಗಿದ್ದರೆ ಹುಟ್ಟಿನಿಂದ ಬೇರೆ ದೇವರುಗಳನ್ನು ಕಂಡಿದ್ದ ಆ ಹೆಣ್ಣಿಗೆ ಅದನ್ನು ಕಲಿಸಿದವರಾರು? ಅಡುಗೆಯ ಬಾಣಲೆಯನ್ನು ಅಷ್ಟು ಪ್ರೀತಿಯಿಂದ ನೋಡಿದ ಲೇಖಕರು ಈ ಪ್ರಶ್ನೆಯನ್ನು ಹತ್ತಿರದಿಂದ ಕೇಳಲಿಲ್ಲ. ಗುರುಗಳು ತಿಂಗಳಿಗೊಮ್ಮೆ ಘಟ್ಟ ಹತ್ತಿ ಬಂದು ಬಲಿಪೂಜೆ ಅರ್ಪಿಸುತ್ತಿದ್ದ ಕಾಲವನ್ನು, ಉಳಿದ ಭಾನುವಾರಗಳಲ್ಲಿ ಅಜ್ಜಿ ನಡುಮನೆಯಲ್ಲಿ ಮಂಡಿಯೂರಿ ನಡೆಸಿಕೊಡುತ್ತಿದ್ದ ಜಪಸರವನ್ನು ಮನೆಯ ಹಿರಿಯರಿಂದ ಕೇಳಿ ಬೆಳೆದ ನನಗೆ, ಪುಸ್ತಕದಲ್ಲಿ ಇದೊಂದು ಖಾಲಿ ಕೋಣೆಯಂತೆ ತೋರಿತು.

ಕಥೆಯ ಕೊನೆಯನ್ನು ಚುಟುಕಾಗಿ ಹೇಳುತ್ತೇನೆ. ಸಿಸಿಲಿಯ ದೊರೆ ರೋಜರನು 1148ರಲ್ಲಿ ಮಹ್ದಿಯಾವನ್ನು ಗೆದ್ದಾಗ ಬೆನ್ ಯಿಜುವಿನ ಒಡಹುಟ್ಟಿದವರು ದಿಕ್ಕಾಪಾಲಾದರು. ಮರುವರ್ಷ ಏಡನ್‌ಗೆ ಮರಳಿದ ಅವನು ಅವರನ್ನು ಹುಡುಕಿ ಪತ್ರ ಬರೆದ. ನನ್ನ ಗಳಿಕೆಯನ್ನು ಹಂಚಿಕೊಂಡು ಬಾಳೋಣ, ನನ್ನ ಮಗಳನ್ನು ನಿಮ್ಮ ಮಗನಿಗೆ ಕೊಡುತ್ತೇನೆ ಎಂದು. ನಂಬಿದ ತಮ್ಮನೊಬ್ಬ ಮೋಸ ಮಾಡಿದ. ಮಗ ಏಡನ್‌ನಲ್ಲಿ ತೀರಿಕೊಂಡ. ಖಲಫನು ತನ್ನ ಮಗನಿಗೆ ಕೇಳಿದ ಹೆಣ್ಣನ್ನು ಕೊಡದೆ, 1156ರಲ್ಲಿ ಫುಸ್ತಾತ್‌ನಲ್ಲಿ ಅಣ್ಣತಮ್ಮಂದಿರ ಮಕ್ಕಳಲ್ಲೇ ಮದುವೆ ಮಾಡಿದ. ಮಂಗಳೂರಿನಲ್ಲಿ ಹುಟ್ಟಿ ಬೆಳೆದ ಆ ಹುಡುಗಿ ನೈಲ್ ನದಿಯ ದಡದಲ್ಲಿ ಸೊಸೆಯಾದಳು. ಊರು ಬಿಟ್ಟವನಿಗೆ ಊರಿನ ರಕ್ತವೇ ಬೇಕೆನಿಸುವ ಈ ಹಟ ನಮಗೆ ಹೊಸದೇನಲ್ಲ. ದುಬೈಯಲ್ಲಿ ಹುಟ್ಟಿದ ಹುಡುಗನಿಗೆ ಬಾಳೆಹೊನ್ನೂರಿನ ಕಡೆಯ ಹೆಣ್ಣನ್ನೇ ಹುಡುಕುವವರು ನಮ್ಮಲ್ಲೂ ಇದ್ದಾರೆ. ಆ ಮದುವೆಯಲ್ಲಿ ಹುಡುಗಿಯ ತಾಯಿ ಇದ್ದಳೇ? ಆಶು ಭಾರತದಲ್ಲೇ ಉಳಿದಿರಬೇಕೆಂದು ಘೋಷ್ ಎಣಿಸುತ್ತಾರೆ. ಬೊಮ್ಮನ ಹೆಸರನ್ನು ಮಾತ್ರ ಅವರು ಬಿಡದೆ ಹಿಂಬಾಲಿಸಿ, ಅಮೆರಿಕದ ಫಿಲಡೆಲ್ಫಿಯದಲ್ಲಿರುವ ಒಂದು ಲೆಕ್ಕದ ತುಣುಕಿನಲ್ಲಿ ಅದನ್ನು ಕಂಡು ಅವನ ಕಥೆಯನ್ನು ಮುಗಿಸುತ್ತಾರೆ.

ಈ ಪುಸ್ತಕವನ್ನು ಓದಿದ ಮೇಲೆ ನಾನು ಒಂದು ಕೆಲಸ ಮಾಡಿದೆ. ಪರಿಚಿತರ ಕಾಫಿ ತೋಟದ ಅಟ್ಟದಲ್ಲಿ ಉಳಿದಿದ್ದ ಹಳೆಯ ಚೆಕ್‌ರೋಲ್ ಪುಸ್ತಕವನ್ನು ಕೇಳಿ ಪಡೆದು ಪುಟ ತಿರುವಿದೆ. ಗಂಡಾಳುಗಳಿಗೆ ಹೆಸರಿತ್ತು. ಹೆಣ್ಣಾಳುಗಳ ಸಾಲಿನಲ್ಲಿ ಹೆಚ್ಚಿನವರು ಇಂಥವನ ಹೆಂಡತಿ, ಇಂಥವನ ತಾಯಿ, ‘ಹೊಸ ಹುಡುಗಿ’. ಎದುರಿಗೆ ಹಾಜರಿಯ ಗೀಟು, ಕೂಲಿಯ ಮೊತ್ತ. ಆಮೇಲೆ ನಮ್ಮ ಧರ್ಮಕೇಂದ್ರದ ಗುರುಗಳ ಅನುಮತಿ ಪಡೆದು ಅದೇ ವರ್ಷಗಳ ದೀಕ್ಷಾಸ್ನಾನದ ರಿಜಿಸ್ಟರನ್ನು ನೋಡಿದೆ. ಅದರಲ್ಲಿ ತಾಯಿಯ ಹೆಸರಿಗೆಂದೇ ಒಂದು ಕಲಂ ಇದೆ. ಬರೆಯುವವರಿಗೆ ಇಷ್ಟವಿರಲಿ ಇಲ್ಲದಿರಲಿ ಅದನ್ನು ತುಂಬಲೇಬೇಕು. ಚೆಕ್‌ರೋಲಿನಲ್ಲಿ ಮೇಸ್ತ್ರಿಯೊಬ್ಬನ ಹೆಂಡತಿ ಎಂದಷ್ಟೇ ಇದ್ದ ಲೈನ್ ಮನೆಯ ಹೆಂಗಸು ಅಲ್ಲಿ ತನ್ನ ಪೂರ್ಣ ಹೆಸರಿನೊಂದಿಗೆ, ನಾಲ್ಕು ಮಕ್ಕಳ ಎದುರಿಗೆ ನಾಲ್ಕು ಬಾರಿ, ಮಸುಕಾಗದ ಶಾಯಿಯಲ್ಲಿ ಇದ್ದಾರೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಈ ಪತ್ರಿಕೆಯ ವಾಚಕರು.